ಪುಲುತನ್: ಫಿಲಿಪ್ಪೀನ್ ದ್ವೀಪವಾಸಿಗಳ ಅವದಂಶ

ಒಂದು ಜನಾಂಗದ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಅರಸರ ವಂಶಾವಳಿಯನ್ನೂ ಯುದ್ಧಗಳ ಜಯಾಪಜಯಗಳನ್ನೂ ಶಾಸನಗಳ ಕಾಲನಿರ್ಣಯವನ್ನೂ ಹೇಳಿ ತೃಪ್ತರಾಗುವರು. ಆ ಜನರು ಏನನ್ನು ಉಂಡರು, ಯಾರೊಡನೆ ಕುಳಿತು ಉಂಡರು, ಬಡತನ ಬಂದಾಗ ಏನನ್ನು ತಿಂದು ಬದುಕಿದರು ಎಂಬ ಪ್ರಶ್ನೆಗಳು ಚರಿತ್ರೆಯ ಪುಟಗಳಲ್ಲಿ ಕಾಣುವುದು ವಿರಳ. ಅದರಲ್ಲಿಯೂ ಮದ್ಯದ ಬಟ್ಟಲಿನ ಪಕ್ಕದಲ್ಲಿರಿಸಿಕೊಂಡು ಮೆಲ್ಲುವ ತಿನಿಸಿನ ಮಾತನ್ನೆತ್ತಿದರೆ, ಇದು ವಿದ್ವಾಂಸರು ವಿಚಾರಿಸತಕ್ಕ ವಿಷಯವೇ ಎಂದು ಹುಬ್ಬು ಗಂಟಿಕ್ಕುವವರುಂಟು. ನಮ್ಮ ಸಂಸ್ಕೃತ ಕೋಶಕಾರರಿಗೆ ಈ ಸಂಕೋಚವಿರಲಿಲ್ಲ. ಪಾನದ ನಡುನಡುವೆ ಬಾಯಾರಿಕೆಯನ್ನು ಕೆರಳಿಸುವಂತೆ ಕಚ್ಚಿ ತಿನ್ನುವ ಖಾರದ ಪದಾರ್ಥಕ್ಕೆ ಅವರು ಅವದಂಶವೆಂಬ ಹೆಸರನ್ನು ಬರೆದಿಟ್ಟರು. ದಂಶವೆಂದರೆ ಕಚ್ಚುವುದು. ಕನ್ನಡದಲ್ಲಿ ನಾವು ನಂಜಿಕೊಳ್ಳುವುದು ಎನ್ನುವ ಮಾತಿಗೆ ಇದು ಸಮೀಪವಾದುದು. ಕೋಶಕಾರನು ಕೈಬಿಡದುದನ್ನು ಚರಿತ್ರಕಾರನು ಕೈಬಿಡಲು ಕಾರಣವಿಲ್ಲ.

ಪ್ರಾರಂಭದಲ್ಲಿಯೇ ಒಂದು ಮಾತನ್ನು ಅರಿಕೆಮಾಡಿಕೊಳ್ಳುವುದು ಯುಕ್ತವು. ಮದ್ಯಪಾನದ ಪ್ರಶಂಸೆ ಈ ಲೇಖನದ ಉದ್ದೇಶವಲ್ಲ. ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಅನೇಕವು ಮದ್ಯವನ್ನೂ ಮಾಂಸವನ್ನೂ ಹೊಸ್ತಿಲೊಳಗೆ ತಾರದವು. ಲೇಖಕನ ಮನೆಯೂ ಅಂಥದೇ. ಆದರೆ ತಾನು ತಿನ್ನದುದನ್ನು ತಿಳಿಯಲೂ ಬಾರದೆಂಬ ನಿಯಮವು ಯಾವ ಶಾಸ್ತ್ರದಲ್ಲಿಯೂ ಇಲ್ಲ. ಪೂರ್ವಸಮುದ್ರದ ಫಿಲಿಪ್ಪೀನ್ ದ್ವೀಪಗಳು 1565ರಿಂದ 1898ರ ವರೆಗೆ ಸ್ಪೇನ್ ದೇಶದವರ ಕೈಯಲ್ಲಿಯೂ, ಅಲ್ಲಿಂದ 1946ರ ವರೆಗೆ ಅಮೆರಿಕದವರ ಕೈಯಲ್ಲಿಯೂ, ನಡುವೆ 1942ರಿಂದ 1945ರ ವರೆಗೆ ಜಪಾನಿನವರ ಕೈಯಲ್ಲಿಯೂ ಇದ್ದವು. ಇಷ್ಟು ದೀರ್ಘಕಾಲ ಪರರ ಆಳ್ವಿಕೆಯಲ್ಲಿದ್ದ ಜನರು ತಮ್ಮದನ್ನು ಹೇಗೆ ಉಳಿಸಿಕೊಂಡರು, ಪರರದನ್ನು ಹೇಗೆ ತಮ್ಮದಾಗಿಸಿಕೊಂಡರು ಎಂಬುದು ಅವರ ಅರಮನೆಗಳಿಗಿಂತ ಹೆಚ್ಚು ಸ್ಪಷ್ಟವಾಗಿ ಈ ಒಂದು ಸಣ್ಣ ತಟ್ಟೆಯಲ್ಲಿ ಕಾಣುತ್ತದೆ. ಅದನ್ನು ತೋರಿಸುವುದೇ ಇಲ್ಲಿಯ ಪ್ರಯತ್ನ.

ಆ ದೇಶವು 7,641 ದ್ವೀಪಗಳ ಸಮೂಹವು. ಅಲ್ಲಿಯ ಭಾಷೆಗಳು ನೂರಕ್ಕೂ ಮಿಕ್ಕಿರುವುವು. ಅವುಗಳಲ್ಲಿ ಪ್ರಧಾನವಾದ ಟಗಾಲೋಗ್ ಭಾಷೆಯಲ್ಲಿ ಮದ್ಯದೊಡನೆ ತಿನ್ನುವ ಪದಾರ್ಥಕ್ಕೆ 'ಪುಲುತನ್' ಎಂದು ಹೆಸರು. 'ಪುಲೋತ್' ಎಂದರೆ ಹೆಕ್ಕುವುದು, ಆಯ್ದುಕೊಳ್ಳುವುದು. ಪುಲುತನ್ ಎಂದರೆ ಬೆರಳುಗಳಿಂದ ಹೆಕ್ಕಿಕೊಳ್ಳತಕ್ಕದ್ದು. ಅನ್ನದೊಡನೆ ಉಣ್ಣುವ ವ್ಯಂಜನಕ್ಕೆ, ಎಂದರೆ ನಮ್ಮ ಮೇಲೋಗರಕ್ಕೆ, ಅವರು 'ಉಲಮ್' ಎನ್ನುವರು. ಇಲ್ಲಿ ಗಮನಿಸತಕ್ಕ ಸೂಕ್ಷ್ಮವೊಂದುಂಟು. ಒಂದೇ ಪದಾರ್ಥವು ಅನ್ನದ ಪಕ್ಕದಲ್ಲಿದ್ದರೆ ಉಲಮ್, ಬಟ್ಟಲಿನ ಪಕ್ಕದಲ್ಲಿದ್ದರೆ ಪುಲುತನ್. ಆದಕಾರಣ ಪುಲುತನ್ ಎಂಬುದು ಒಂದು ಪಾಕವಿಶೇಷದ ಹೆಸರಲ್ಲ; ಸ್ನೇಹಿತರು ಸುತ್ತಲೂ ಕುಳಿತು ನಡುವೆ ಒಂದೇ ತಟ್ಟೆಯನ್ನಿಟ್ಟು ಹೆಕ್ಕಿ ತಿನ್ನುವ ಒಂದು ಸನ್ನಿವೇಶದ ಹೆಸರು. ಹೊಟ್ಟೆ ತುಂಬಿಸುವುದು ಅದರ ಕೆಲಸವಲ್ಲ. ಮಾತನ್ನು ಬೆಳೆಯಿಸುವುದು, ಹೊತ್ತನ್ನು ಕಳೆಯಿಸುವುದು ಅದರ ಕೆಲಸವು.

ಈ ದೂರದ ದ್ವೀಪಗಳಿಗೂ ಭರತಖಂಡಕ್ಕೂ ಪೂರ್ವಕಾಲದಲ್ಲಿ ಸಂಬಂಧವಿದ್ದುದಕ್ಕೆ ಪ್ರಬಲವಾದ ಆಧಾರವುಂಟು. 1989ರಲ್ಲಿ ಲಗೂನಾ ಪ್ರಾಂತದಲ್ಲಿ ದೊರೆತ ತಾಮ್ರಪಟವೊಂದು ಶಕವರ್ಷ 822ರ ವೈಶಾಖ ಕೃಷ್ಣ ಚತುರ್ಥಿ ಸೋಮವಾರದಂದು, ಎಂದರೆ ಕ್ರಿ. ಶ. 900ರಲ್ಲಿ, ಒಂದು ಮನೆತನದ ಸಾಲವು ತೀರಿತೆಂಬುದನ್ನು ಹೇಳುತ್ತದೆ. ಅದರ ಲಿಪಿ ಕಾವಿ. ಭಾಷೆ ಹಳೆಯ ಮಲಯ್. ನಡುನಡುವೆ ಸಂಸ್ಕೃತ ಶಬ್ದಗಳು. ಟಗಾಲೋಗ್ ಭಾಷೆಯಲ್ಲಿ ಉಪಾಧ್ಯಾಯನಿಗೆ ಇಂದಿಗೂ 'ಗುರೋ' ಎಂದೂ, ಮೋರೆಗೆ 'ಮುಖಾ' ಎಂದೂ ಹೆಸರಿರುವುದನ್ನು ಕೇಳಿದರೆ ಸಂಸ್ಕೃತ ಓದಿದವರಿಗೆ ಸಂತೋಷವಾಗದಿರದು. ನಮ್ಮ ಪ್ರಕೃತ ವಿಷಯಕ್ಕೆ ಹೆಚ್ಚು ಸಂಬಂಧಪಟ್ಟದ್ದು 'ಸುಕ' ಎಂಬ ಇನ್ನೊಂದು ಪದ. ಸಿರ್ಕಾ, ಎಂದರೆ ಇಂದಿನವರು ವಿನೆಗರ್ ಎನ್ನುವ ಹುಳಿನೀರು, ಅಲ್ಲಿ ಸುಕವೆನಿಸಿಕೊಳ್ಳುತ್ತದೆ. ಇದು ಸಂಸ್ಕೃತದ 'ಚುಕ್ರ' ಶಬ್ದವು ಮಲಯ್ ಭಾಷೆಯ ಮೂಲಕ ಹೋಗಿ ಆದ ರೂಪವೆಂದು ಭಾಷಾಶಾಸ್ತ್ರಜ್ಞರು ಹೇಳುವರು. ಹಾಗೆಯೇ ಎಳೆಯ ಪರಂಗಿಕಾಯಿಯನ್ನು ತುರಿದು ಮಾಡುವ ಅವರ 'ಅತ್ಸಾರ'ವು ನಮ್ಮ ದೇಶದ 'ಅಚಾರ್' ಎಂಬ ಉಪ್ಪಿನಕಾಯಿಯ ಹೆಸರೇ ಆಗಿದೆ. ಸುಟ್ಟ ಮಾಂಸದ ಪಕ್ಕದಲ್ಲಿ ಅದನ್ನು ಇಂದಿಗೂ ಬಡಿಸುವರು.

ಹುಳಿಯ ಮಾತನ್ನು ಮೊದಲಿಗೆ ತೆಗೆದುದಕ್ಕೆ ಕಾರಣವುಂಟು. ಪುಲುತನ್ನಿನ ರಹಸ್ಯವಿರುವುದು ಹುಳಿಯಲ್ಲಿಯೇ. ಆ ದ್ವೀಪಗಳ ಪ್ರಾಚೀನ ಪಾನಗಳಲ್ಲಿ ತೆಂಗಿನ ಹೆಂಡವಾದ 'ತುಬಾ', ಉತ್ತರದ ಇಲೋಕೋಸ್ ಸೀಮೆಯಲ್ಲಿ ಕಬ್ಬಿನ ಹಾಲಿನಿಂದ ಮಾಡುವ 'ಬಾಸಿ', ಪರ್ವತವಾಸಿಗಳು ಅಕ್ಕಿಯಿಂದ ಮಾಡುವ 'ತಪುಯ್' ಇವು ಮುಖ್ಯವಾದವು. ತುಬಾವನ್ನು ಬಟ್ಟಿಯಿಳಿಸಿದರೆ 'ಲಂಬನೋಗ್' ಎಂಬ ತೀಕ್ಷ್ಣವಾದ ಸಾರಾಯಿಯಾಗುತ್ತದೆ. ಹೆಂಡ ಇಳಿಸುವವನು ಬೆಳಗೂ ಸಂಜೆಯೂ ಮರವನ್ನೇರಿ, ಅರಳದ ಹೊಂಬಾಳೆಯ ತುದಿಯನ್ನು ಬಾಗಿದ ಕತ್ತಿಯಿಂದ ತೆಳ್ಳಗೆ ಕೊಯ್ದು, ಸುರಿಯುವ ರಸವನ್ನು ಬಿದಿರಿನ ಕೊಳವೆಯಲ್ಲಿ ಹಿಡಿಯುವನು. ವಿಸಯ ದ್ವೀಪಗಳಲ್ಲಿ ಅದಕ್ಕೆ ಕಡಲಂಚಿನ ಕಾಂಡ್ಲ ಮರದ ತೊಗಟೆಯ ಪುಡಿಯನ್ನು ಬೆರಸುವರು. ಅದರಿಂದ ಹೆಂಡಕ್ಕೆ ಕೆಂಪು ಬಣ್ಣವೂ ಒಗರೂ ಬಂದು, ಬೇಗನೆ ಹುಳಿಯಾಗದೆ ನಿಲ್ಲುತ್ತದೆ. ಹಾಗೆ ಮಾಡದಿದ್ದರೆ ಬೆಳಗಿನ ಸಿಹಿರಸವು ಸಂಜೆಗೆ ಮದ್ಯವಾಗಿ, ಕೆಲವು ದಿನಗಳಲ್ಲಿ ಸಿರ್ಕಾ ಆಗಿಬಿಡುವುದು. ಕುಡಿಯಲು ಬಾರದಂತೆ ಹುಳಿತುಹೋದುದನ್ನು ಅವರು ಚೆಲ್ಲಲಿಲ್ಲ. ಅದನ್ನೇ ತಟ್ಟೆಗೆ ಸುರಿದರು. ಒಂದೇ ಮರವು ಬಟ್ಟಲಿಗೂ ತಟ್ಟೆಗೂ ಬೇಕಾದುದನ್ನು ಕೊಟ್ಟಿತು. ಕೆಟ್ಟುಹೋಯಿತೆಂದು ಇತರರು ಬಿಸಾಡುವುದನ್ನು ಬೇರೊಂದು ಉಪಯೋಗಕ್ಕೆ ತಿರುಗಿಸುವ ಈ ಬುದ್ಧಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲವೂ ಅದರ ವಿಸ್ತಾರವೇ.

ಹುಳಿಯ ಪ್ರಯೋಗದಲ್ಲಿ ಅತ್ಯಂತ ಪ್ರಾಚೀನವಾದುದು 'ಕಿನಿಲಾವ್'. ಆಗತಾನೆ ಹಿಡಿದ ಮೀನನ್ನು ಹೆಚ್ಚಿ, ಸಿರ್ಕಾದಲ್ಲಿ ನೆನೆಸಿ, ಶುಂಠಿ ಈರುಳ್ಳಿ ಮೆಣಸಿನಕಾಯಿಗಳನ್ನು ಸೇರಿಸಿದರೆ ಮುಗಿಯಿತು. ಬೆಂಕಿಯ ಸಂಪರ್ಕವೇ ಇಲ್ಲ. ಆಮ್ಲವು ಮೀನಿನ ಮಾಂಸವನ್ನು ಬೆಂದಂತೆ ಬಿಳುಪೂ ಗಟ್ಟಿಯೂ ಆಗಿ ಮಾಡುತ್ತದೆ. ದಕ್ಷಿಣದ ಮಿಂಡನಾವೋ ದ್ವೀಪದಲ್ಲಿ ಮೀನಿನ ಕಮಟನ್ನು ಕಳೆಯಲು 'ತಬೋನ್ ತಬೋನ್' ಎಂಬ ಕಾಡುಹಣ್ಣಿನ ತಿರುಳಿನ ರಸವನ್ನು ಹಿಂಡುವರು. ಅದೇ ದ್ವೀಪದ ಬುತುಆನ್ ಪಟ್ಟಣದ ಉತ್ಖನನದಲ್ಲಿ ಹೆಚ್ಚಿದ ಮೀನಿನ ಮೂಳೆಗಳ ಜೊತೆಯಲ್ಲಿಯೇ ಕೊಯ್ದ ತಬೋನ್ ತಬೋನ್ ಹಣ್ಣಿನ ಹೋಳುಗಳು ದೊರೆತುವು. ಅವುಗಳ ಕಾಲವು ಹತ್ತರಿಂದ ಹದಿಮೂರನೆಯ ಶತಮಾನದ ನಡುವಿನದೆಂದು ಎಣಿಸಲಾಗಿದೆ. ನಮ್ಮ ನಾಡಿನಲ್ಲಿ ಚಾಲುಕ್ಯರೂ ಹೊಯ್ಸಳರೂ ಆಳುತ್ತಿದ್ದ ದಿನಗಳಲ್ಲಿ ಆ ದ್ವೀಪದ ಬೆಸ್ತನು ಇಂದಿನವನು ಮಾಡುವಂತೆಯೇ ಮೀನನ್ನು ಹುಳಿಯಲ್ಲಿ ಹದಮಾಡುತ್ತಿದ್ದನೆಂದಾಯಿತು. ಡೊರೀನ್ ಫರ್ನಾಂಡೆಸ್ ಮತ್ತು ಎಡಿಲ್ಬರ್ತೋ ಅಲೆಗ್ರೆ ಎಂಬ ಇಬ್ಬರು ವಿದ್ವಾಂಸರು ಈ ಒಂದು ಪದಾರ್ಥವನ್ನು ಕುರಿತೇ 1991ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಅಲೆಗ್ರೆಯವರು ಮುಂದಿನ ವರ್ಷ ತಮ್ಮ ದೇಶದ ಪಾನಪದ್ಧತಿಯನ್ನು ಕುರಿತು ಇನ್ನೊಂದನ್ನು ಬರೆದರು. ವಿದ್ಯಾವಂತರು ತಮ್ಮ ನೆರೆಯವನ ತಟ್ಟೆಯನ್ನು ಕುರಿತು ಗಂಭೀರವಾಗಿ ಯೋಚಿಸಿದುದಕ್ಕೆ ಇವು ಒಳ್ಳೆಯ ಉದಾಹರಣೆಗಳು.

ಬರವಣಿಗೆಯಲ್ಲಿ ಪುಲುತನ್ನಿನ ದರ್ಶನವು ನಮಗೆ ಮೊದಲು ಆಗುವುದು 1521ರಲ್ಲಿ. ಆ ವರ್ಷ ಮ್ಯಾಗೆಲ್ಲನ್ನನ ಹಡಗುಗಳು ಈ ದ್ವೀಪಗಳನ್ನು ಮುಟ್ಟಿದುವು. ಅವನೊಡನೆ ಬಂದಿದ್ದ ಇಟಲಿ ದೇಶದ ಪಿಗಫೆಟ್ಟಾ ಎಂಬವನು ಕಂಡುದೆಲ್ಲವನ್ನೂ ಬರೆದಿಟ್ಟನು. ಲಿಮಸಾವ ದ್ವೀಪದ ಅರಸನಾದ ಕೊಲಂಬು (ಆತನ ಬಿರುದು 'ರಾಜ' ಎಂದೇ ಇತ್ತು) ಈ ಅತಿಥಿಯನ್ನು ಕೂರಿಸಿಕೊಂಡು ಹಂದಿಯ ಮಾಂಸದ ತಟ್ಟೆಯನ್ನೂ ಹೆಂಡದ ದೊಡ್ಡ ಜಾಡಿಯನ್ನೂ ತರಿಸಿದನು. ಒಂದು ತುತ್ತಿಗೆ ಒಂದು ಬಟ್ಟಲಿನಂತೆ ಉಪಚಾರ ನಡೆಯಿತು. ಅಂದು ಕ್ರೈಸ್ತರು ಮಾಂಸವನ್ನು ವರ್ಜಿಸುವ ಶುಭ ಶುಕ್ರವಾರವಾಗಿತ್ತು. ಆದರೂ ಬೇರೆ ದಾರಿಯಿಲ್ಲದೆ ತಾನು ತಿಂದೆನೆಂದು ಪಿಗಫೆಟ್ಟಾ ಬರೆದಿರುವನು. ಮುಂದೆ ಸೆಬು ದ್ವೀಪಕ್ಕೆ ಹೋದಾಗ ಅಲ್ಲಿಯ ಅರಸನಾದ ಹುಮಾಬೋನನು ಚಾಪೆಯ ಮೇಲೆ ಕುಳಿತು ಎರಡು ಪಿಂಗಾಣಿ ತಟ್ಟೆಗಳಲ್ಲಿ ಆಮೆಯ ಮೊಟ್ಟೆಗಳನ್ನಿಟ್ಟುಕೊಂಡು ತಿನ್ನುತ್ತಿದ್ದನು. ಎದುರಿಗೆ ಸುವಾಸನೆಯ ಸೊಪ್ಪುಗಳಿಂದ ಮುಚ್ಚಿದ ನಾಲ್ಕು ಹೆಂಡದ ಜಾಡಿಗಳು. ಒಂದೊಂದರಲ್ಲಿಯೂ ಹೀರಲು ನಾಲ್ಕು ನಾಲ್ಕು ಸಣ್ಣ ಕೊಳವೆಗಳು. ಆಮೆಯ ಮೊಟ್ಟೆ ಆ ದ್ವೀಪದ್ದು, ಹೆಂಡ ಆ ದ್ವೀಪದ್ದು; ಪಿಂಗಾಣಿ ತಟ್ಟೆ ಮಾತ್ರ ವ್ಯಾಪಾರದಿಂದ ಬಂದುದು. ಸ್ಪೇನಿನವರು ಬರುವ ಮೊದಲೇ ಆ ತಟ್ಟೆಯು ಹೊರಗಿನ ಲೋಕವನ್ನು ಕಂಡಿತ್ತು.

1604ರಲ್ಲಿ ರೋಮ್ ನಗರದಲ್ಲಿ ತನ್ನ ಗ್ರಂಥವನ್ನು ಮುದ್ರಿಸಿದ ಪೇದ್ರೋ ಚಿರಿನೋ ಎಂಬ ಪಾದ್ರಿಯ ಅವಲೋಕನವು ಇನ್ನೂ ಸ್ವಾರಸ್ಯವಾದುದು. ಈ ಜನರು ಔತಣಗಳಲ್ಲಿ ತಿನ್ನುವುದು ಸ್ವಲ್ಪ, ಕುಡಿಯುವುದು ಹೆಚ್ಚು, ಕುಳಿತಿರುವುದು ಬಹಳ ಹೊತ್ತು ಎಂದು ಆತನು ಹೇಳಿರುವನು. ಆದರೂ ಔತಣದಿಂದೆದ್ದವನು ಮನೆಯ ದಾರಿಯನ್ನು ತಪ್ಪನೆಂದೂ, ಚಿನ್ನ ಬೆಳ್ಳಿಗಳನ್ನು ತೂಗಬೇಕಾಗಿ ಬಂದರೆ ಅವನ ಕೈ ನಡುಗದೆಂದೂ ಆಶ್ಚರ್ಯಪಟ್ಟಿರುವನು. ಹೊಟ್ಟೆಯಲ್ಲಿ ಆಹಾರವಿದ್ದರೆ ಮದ್ಯವು ರಕ್ತಕ್ಕೆ ಸೇರುವುದು ನಿಧಾನವಾಗುತ್ತದೆಂಬುದು ವೈದ್ಯರ ಮತವು. ಸ್ವಲ್ಪ ಸ್ವಲ್ಪವಾಗಿ ಬಹಳ ಹೊತ್ತು ತಿನ್ನುವ ಪದ್ಧತಿಯು ಇದಕ್ಕೆ ಸಹಾಯಕವಾಗಿದ್ದಿರಬಹುದು. ಕುಡಿಯುವ ಕ್ರಮಕ್ಕೆ ಅವರು 'ತಗಾಯ್' ಎನ್ನುವರು. ವೃತ್ತವಾಗಿ ಕುಳಿತವರಲ್ಲಿ ಒಬ್ಬನು ಸುರಿದು ಕೊಡುವನು. ಒಂದೇ ಲೋಟವು ಕೈಯಿಂದ ಕೈಗೆ ಸುತ್ತಿ ಬರುವುದು. ಒಂದೇ ತಟ್ಟೆಯಿಂದ ಎಲ್ಲರೂ ಹೆಕ್ಕುವರು. 1565ರ ಮಾರ್ಚಿಯಲ್ಲಿ ಲೆಗಾಸ್ಪಿ ಎಂಬ ಸ್ಪೇನಿನ ಸೇನಾಪತಿಯೂ ಬೊಹೋಲ್ ದ್ವೀಪದ ನಾಯಕನಾದ ಸಿಕಾತುನನೂ ತಮ್ಮ ರಕ್ತದ ಬಿಂದುಗಳನ್ನು ಮದ್ಯದಲ್ಲಿ ಬೆರಸಿ ಕುಡಿದು ಮೈತ್ರಿಯನ್ನು ಮಾಡಿಕೊಂಡರೆಂಬುದು ಚರಿತ್ರಪ್ರಸಿದ್ಧವು. ಆ ಮೈತ್ರಿಯನ್ನು ದ್ವೀಪವಾಸಿಯು ಸಮಾನರ ಸಂಬಂಧವೆಂದು ತಿಳಿದನು. ಬಂದವನು ಆಳ್ವಿಕೆಯ ಆರಂಭವೆಂದು ತಿಳಿದನು. ಮುಂದಿನ 333 ವರ್ಷಗಳ ದುಃಖವು ಈ ಅರ್ಥಭೇದದಲ್ಲಿಯೇ ಅಡಗಿತ್ತು.

ಆಳ್ವಿಕೆಯ ಜೊತೆಯಲ್ಲಿಯೇ ವ್ಯಾಪಾರವೂ ಬಂದಿತು. 1565ರಿಂದ 1815ರ ವರೆಗೆ, ಇನ್ನೂರೈವತ್ತು ವರ್ಷಗಳ ಕಾಲ, ಮನಿಲಾ ನಗರಕ್ಕೂ ಮೆಕ್ಸಿಕೋ ದೇಶದ ಅಕಾಪುಲ್ಕೋ ರೇವಿಗೂ ನಡುವೆ ದೊಡ್ಡ ಹಡಗುಗಳು ಓಡಾಡಿದುವು. ಅವು ತಂದ ಬೆಳ್ಳಿಯನ್ನು ಚರಿತ್ರಕಾರರು ಲೆಕ್ಕವಿಟ್ಟಿರುವರು; ಅವು ತಂದ ಬೀಜಗಳನ್ನು ಲೆಕ್ಕವಿಟ್ಟವರು ಕಡಮೆ. ಮೆಣಸಿನಕಾಯಿ, ಮುಸುಕಿನ ಜೋಳ, ಪರಂಗಿ, ಕಡಲೆಕಾಯಿ ಇವೆಲ್ಲವೂ ಅಮೆರಿಕ ಖಂಡದಿಂದ ಬಂದುವು. ಮೆಣಸಿನಕಾಯಿಯನ್ನು ಟಗಾಲೋಗಿನಲ್ಲಿ 'ಸಿಲಿ' ಎನ್ನುವುದೂ ಕಡಲೆಕಾಯಿಯನ್ನು 'ಮಾನಿ' ಎನ್ನುವುದೂ ಆ ಖಂಡದ ಮೂಲನಿವಾಸಿಗಳ ಶಬ್ದಗಳಿಂದಲೇ. ಕಡಲೆಕಾಯಿಬೀಜವನ್ನು ಬೆಳ್ಳುಳ್ಳಿಯೊಡನೆ ಎಣ್ಣೆಯಲ್ಲಿ ಹುರಿದು ಉಪ್ಪು ಬೆರಸಿದ 'ಅದೋಬೋಂಗ್ ಮಾನಿ'ಯೇ ಇಂದು ಪುಲುತನ್ನುಗಳಲ್ಲಿ ಅತ್ಯಂತ ಸುಲಭವೂ ಸರ್ವಸಾಮಾನ್ಯವೂ ಆದುದು. ಇಲೋಕೋಸ್ ಸೀಮೆಯವರು ಜೋಳವನ್ನು ನೆನೆಸಿ ಕರಿದು 'ಕೋರ್ನಿಕ್' ಎಂಬ ಗರಿಗರಿಯಾದ ತಿನಿಸನ್ನು ಮಾಡುವರು. ನಮ್ಮ ನೆರೆಯ ತಮಿಳುನಾಡಿನಲ್ಲಿ ಕಡಲೆಕಾಯಿಗೆ 'ಮಣಿಲಾ ಕೊಟ್ಟೈ' ಎಂಬ ಹೆಸರು ಬಳಕೆಯಲ್ಲಿರುವುದನ್ನು ನೋಡಿದರೆ, ಮನಿಲಾ ನಗರದ ಹೆಸರು ಆ ಬೀಜದೊಡನೆ ನಮ್ಮ ಬಾಗಿಲ ವರೆಗೂ ಬಂದುದು ತಿಳಿಯುತ್ತದೆ.

ಕೊಡುಕೊಳೆ ಒಂದು ಕಡೆಯದಾಗಿರಲಿಲ್ಲ. ಅದೇ ಹಡಗುಗಳಲ್ಲಿ ಹೋದ ಫಿಲಿಪ್ಪೀನ್ ನಾವಿಕರು ಮೆಕ್ಸಿಕೋದ ಪಶ್ಚಿಮ ತೀರದ ಕೊಲಿಮಾ ಸೀಮೆಯಲ್ಲಿ ಇಳಿದು, ಅಲ್ಲಿಯ ತೆಂಗಿನ ತೋಪುಗಳಲ್ಲಿ ಹೆಂಡವನ್ನಿಳಿಸುವ ವಿದ್ಯೆಯನ್ನು ಕಲಿಸಿದರು. ಇಂದಿಗೂ ಆ ಊರಿನಲ್ಲಿ ಸಿಹಿಯಾದ ಎಳೆಯ ಹೆಂಡವನ್ನು ತುಬಾ ಎಂಬ ಹೆಸರಿನಿಂದಲೇ ಬೀದಿಯಲ್ಲಿ ಮಾರುವರು. ಅದರ ಮೇಲೆ ಕಡಲೆಕಾಯಿಬೀಜಗಳನ್ನು ಉದುರಿಸಿ ಕೊಡುವರು. ಮೆಕ್ಸಿಕೋದ ಬೀಜವು ಮನಿಲಾಕ್ಕೆ ಬಂದು ಹೆಂಡದ ಪಕ್ಕದಲ್ಲಿ ಕುಳಿತಿತು. ಮನಿಲಾದ ಹೆಂಡವು ಮೆಕ್ಸಿಕೋಕ್ಕೆ ಹೋಗಿ ಅದೇ ಬೀಜವನ್ನು ಸೇರಿಕೊಂಡಿತು. ಈ ಸಂಬಂಧವನ್ನು ಏರ್ಪಡಿಸಬೇಕೆಂದು ಯಾವ ರಾಜನೂ ಆಜ್ಞೆಮಾಡಿರಲಿಲ್ಲ.

ಚೀನಾದವರ ಕಾಣಿಕೆಯೂ ಅಲ್ಪವಲ್ಲ. ಸ್ಪೇನಿನವರಿಗಿಂತ ಬಹಳ ಪೂರ್ವದಿಂದ ಫೂಕಿಯೆನ್ ಪ್ರಾಂತದ ವರ್ತಕರು ಈ ದ್ವೀಪಗಳಿಗೆ ಬರುತ್ತಿದ್ದರು; ಸ್ಪೇನಿನವರ ಕಾಲದಲ್ಲಿ ಮನಿಲಾ ಕೋಟೆಯ ಹೊರಗೆ 'ಪರಿಯಾನ್' ಎಂಬ ಕೇರಿಯಲ್ಲಿ ಅವರನ್ನು ಇರಿಸಲಾಯಿತು. ಸೋಯಾ ಅವರೆಯ ಹಾಲನ್ನು ಒಡೆಯಿಸಿ ಗಿಣ್ಣಿನಂತೆ ಗಟ್ಟಿಮಾಡಿದ 'ತೋಕ್ವಾ' ಅವರದು. ಹೆಸರೂ ಅವರ ಭಾಷೆಯದೇ. ಅದನ್ನು ಕರಿದು, ಬೇಯಿಸಿದ ಹಂದಿಯ ಕಿವಿ ಮೊದಲಾದುವುಗಳ ಜೊತೆಗೆ ಹೋಳುಮಾಡಿ, ಸೋಯಾ ರಸವನ್ನೂ ಸಿರ್ಕಾವನ್ನೂ ಸುರಿದರೆ 'ತೋಕ್ವಾತ್ ಬಾಬೋಯ್' ಎಂಬ ಪ್ರಸಿದ್ಧ ಪುಲುತನ್ ಆಗುತ್ತದೆ. ಇಲ್ಲಿ ಸೋಯಾ ಚೀನಾದ್ದು, ಸಿರ್ಕಾ ದ್ವೀಪದ್ದು. ಮರಿಯು ಅರ್ಧ ಬೆಳೆದ ಬಾತುಕೋಳಿಯ ಮೊಟ್ಟೆಯನ್ನು ಬೇಯಿಸಿದ 'ಬಲೂತ್' ಎಂಬ, ಪರದೇಶದವರು ಕೇಳಿಯೇ ಬೆದರುವ ತಿನಿಸೂ ಬೀರಿನ ಪಕ್ಕದಲ್ಲಿ ಸ್ಥಾನವನ್ನು ಪಡೆದಿದೆ. ಮನಿಲಾದ ಬಳಿಯ ಪತೇರೋಸ್ ಊರು ಅದಕ್ಕೆ ಹೆಸರುವಾಸಿ. ಸ್ಪ್ಯಾನಿಷ್ ಭಾಷೆಯಲ್ಲಿ ಆ ಹೆಸರಿಗೆ ಬಾತುಗಳನ್ನು ಸಾಕುವವರೆಂದೇ ಅರ್ಥ.

ಬಟ್ಟಲೂ ತಟ್ಟೆಯೂ ವಿನೋದದ ವಸ್ತುಗಳು ಮಾತ್ರವೆಂದು ತಿಳಿಯುವವರು 1807ನೆಯ ವರ್ಷವನ್ನು ನೆನೆಯಬೇಕು. ಇಲೋಕೋಸ್ ಸೀಮೆಯಲ್ಲಿ ಬಾಸಿಯು ಮನೆಮನೆಯ ಪಾನವು. ಜನನ ವಿವಾಹ ಮರಣಗಳಲ್ಲಿ ಅದಿಲ್ಲದೆ ಕಾರ್ಯವು ಸಾಗದು. ಅದು ಹುಳಿತರೆ ಆ ಸೀಮೆಯ ಕಪ್ಪು ಸಿರ್ಕಾ. ಸರ್ಕಾರವು ಮದ್ಯದ ವ್ಯಾಪಾರವನ್ನು ತನ್ನ ಏಕಸ್ವಾಮ್ಯಕ್ಕೆ ತೆಗೆದುಕೊಂಡು, ಜನರು ತಮ್ಮ ಕಬ್ಬಿನಿಂದ ತಮಗಾಗಿ ಬಾಸಿಯನ್ನು ಮಾಡಿಕೊಳ್ಳುವುದನ್ನು ನಿಷೇಧಿಸಿತು. ತಾವು ಬೆಳೆದುದನ್ನು ಸರ್ಕಾರದ ಅಂಗಡಿಯಿಂದ ಹಣ ಕೊಟ್ಟು ಕೊಳ್ಳಬೇಕಾಗಿ ಬಂದಾಗ ಪಿಡ್ಡಿಗ್ ಎಂಬ ಊರಿನ ರೈತರು ಆ ವರ್ಷದ ಸೆಪ್ಟೆಂಬರ್ 16ರಂದು ದಂಗೆಯೆದ್ದರು. ಎರಡು ವಾರಗಳೊಳಗಾಗಿ ದಂಗೆಯು ಅಡಗಿಸಲ್ಪಟ್ಟಿತು; ಮುಖಂಡರಿಗೆ ಮರಣದಂಡನೆಯಾಯಿತು. 1821ರಲ್ಲಿ ಎಸ್ತೆಬಾನ್ ವಿಲ್ಯಾನುಎವಾ ಎಂಬ ಚಿತ್ರಕಾರನು ಈ ಘಟನೆಯನ್ನು 14 ಚಿತ್ರಗಳಲ್ಲಿ ಬರೆದನು. ಆ ವರ್ಷ ಆಕಾಶದಲ್ಲಿ ಕಾಣಿಸಿಕೊಂಡಿದ್ದ ಧೂಮಕೇತುವೂ ಅವುಗಳಲ್ಲಿದೆ. ನಮ್ಮ ದೇಶದಲ್ಲಿ ಉಪ್ಪಿನ ಕಾನೂನು 1930ರಲ್ಲಿ ಏನನ್ನು ಮಾಡಿತೆಂಬುದನ್ನು ಬಲ್ಲವರಿಗೆ ಆ ರೈತರ ಮನಸ್ಸು ಅರ್ಥವಾಗದಿರದು.

ಪರರ ಆಹಾರವನ್ನು ನೋಡಿ ಮೂಗು ಮುರಿಯುವ ಸ್ವಭಾವದ ವಿಷಯದಲ್ಲಿಯೂ ಈ ದ್ವೀಪಗಳ ಚರಿತ್ರೆಯು ಒಂದು ಪಾಠವನ್ನು ಹೇಳುತ್ತದೆ. ಅಂತೋನಿಯೋ ದೆ ಮೋರ್ಗಾ ಎಂಬ ಸ್ಪೇನಿನ ಅಧಿಕಾರಿಯು 1609ರಲ್ಲಿ ಮೆಕ್ಸಿಕೋದಲ್ಲಿ ಮುದ್ರಿಸಿದ ತನ್ನ ಗ್ರಂಥದಲ್ಲಿ, ಈ ಜನರಿಗೆ ಮೀನು ಕೊಳೆಯತೊಡಗಿದ ಮೇಲೆಯೇ ರುಚಿಯೆಂದು ಬರೆದನು. ಸುಮಾರು 280 ವರ್ಷಗಳ ಅನಂತರ ಹೊಸೇ ರಿಸಾಲ್ ಎಂಬ ಫಿಲಿಪ್ಪೀನ್ ವಿದ್ವಾಂಸನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಈ ಗ್ರಂಥವನ್ನು ಸ್ವಹಸ್ತದಿಂದ ನಕಲುಮಾಡಿಕೊಂಡು, ತನ್ನ ಟಿಪ್ಪಣಿಗಳೊಡನೆ ಪ್ಯಾರಿಸ್ಸಿನಲ್ಲಿ ಅಚ್ಚುಮಾಡಿಸಿದನು. ಅದರ ಮುಖಪತ್ರದಲ್ಲಿ 1890 ಎಂದಿದೆ. ಮೋರ್ಗಾ ಕೊಳೆತ ಮೀನೆಂದುದು 'ಬಗೂಂಗ್' ಎಂಬ ಉಪ್ಪು ಹಾಕಿ ಹುದುಗಿಸಿದ ವ್ಯಂಜನವೆಂದೂ, ಬಲ್ಲವರು ಅದನ್ನು ಕೊಳೆತುದೆನ್ನರೆಂದೂ, ಅಭ್ಯಾಸವಿಲ್ಲದ ಆಹಾರವನ್ನು ಕಂಡು ಹೇಸುವುದು ಎಲ್ಲ ಜನಾಂಗಗಳಿಗೂ ಸಹಜವೆಂದೂ ಆತನು ಶಾಂತವಾಗಿ ಉತ್ತರಕೊಟ್ಟನು. ತನ್ನ ಜನರ ಪ್ರಾಚೀನ ನಾಗರಿಕತೆಯನ್ನು ಲೋಕಕ್ಕೆ ತೋರಿಸಹೊರಟ ದೇಶಭಕ್ತನು ಒಂದು ಹುಳಿ ಮೀನಿನ ಗೌರವಕ್ಕಾಗಿಯೂ ಟಿಪ್ಪಣಿ ಬರೆಯಬೇಕಾಯಿತು. 1896ರ ಡಿಸೆಂಬರ್ 30ರಂದು ಸ್ಪೇನಿನವರು ಆತನನ್ನು ಗುಂಡಿಕ್ಕಿ ಕೊಂದರು. ಹಸಿ ಮಾವಿನಕಾಯಿಯ ಹೋಳಿಗೆ ಬಗೂಂಗನ್ನು ಹಚ್ಚಿ ತಿನ್ನುವ ಅವನ ದೇಶದವರು ಇಂದಿಗೂ ಅದನ್ನು ಬಿಟ್ಟಿಲ್ಲ.

ರಿಸಾಲನ ಪುಸ್ತಕದ ಮೇಲಿರುವ ವರ್ಷದಲ್ಲಿಯೇ, ಎಂದರೆ 1890ರಲ್ಲಿ, ಮನಿಲಾದ ಸಾನ್ ಮಿಗೆಲ್ ಎಂಬ ಭಾಗದಲ್ಲಿ ಆಗ್ನೇಯ ಏಷ್ಯದ ಪ್ರಥಮ ಬೀರ್ ಕಾರ್ಖಾನೆಯು ಆರಂಭವಾಯಿತು. ಅದಕ್ಕೂ ಮೊದಲೇ 1834ರಲ್ಲಿ ಆಯಾಲಾ ಮನೆತನದ ಭಟ್ಟಿಯೂ, 1854ರಲ್ಲಿ ತಂದುಆಯ್ ಎಂಬ ರಮ್ ಮದ್ಯದ ಸಂಸ್ಥೆಯೂ ಸ್ಥಾಪಿತವಾಗಿದ್ದುವು. ಜಿನ್ ಮದ್ಯದ ಸೀಸೆಗೆ 1917ರಲ್ಲಿ ಫರ್ನಾಂಡೋ ಅಮೋರ್ಸೋಲೋ ಎಂಬ ಯುವಕನು ದೇವದೂತನು ಪಿಶಾಚಿಯನ್ನು ತುಳಿಯುವ ಚಿತ್ರವನ್ನು ಬರೆದುಕೊಟ್ಟನು. ಜನರು ದೇವದೂತನನ್ನು ಬಿಟ್ಟು ಆ ಸೀಸೆಯನ್ನು 'ಪಿಶಾಚಿಯ ಗುರುತಿನದು' ಎಂದೇ ಕರೆದರು. ಆ ಚಿತ್ರಕಾರನೇ 1972ರಲ್ಲಿ ಆ ದೇಶದ ಪ್ರಥಮ ರಾಷ್ಟ್ರೀಯ ಕಲಾವಿದನೆಂಬ ಗೌರವಕ್ಕೆ ಪಾತ್ರನಾದನು. ತಣ್ಣಗಿನ ಬೀರಿಗೆ ಕರಿದುದೂ ಉಪ್ಪಾದುದೂ ಬಿಸಿಯಾದುದೂ ಬೇಕಾಗುತ್ತದೆ. ಆದುದರಿಂದ ಹಂದಿಯ ಚರ್ಮವನ್ನು ಒಣಗಿಸಿ ಅಪ್ಪಳದಂತೆ ಉಬ್ಬುವ ವರೆಗೆ ಕರಿದ 'ಚಿಚರೋನ್' ಪ್ರಚಾರಕ್ಕೆ ಬಂದಿತು. ಹೆಸರು ಸ್ಪೇನಿನದು, ಆದರೆ ಅದನ್ನು ಅದ್ದುವುದು ಮಾತ್ರ ಹಳೆಯ ತೆಂಗಿನ ಸಿರ್ಕಾದಲ್ಲಿಯೇ.

ಈಗ ಈ ಚರಿತ್ರೆಯ ಮುಖ್ಯ ಅಧ್ಯಾಯಕ್ಕೆ ಬರೋಣ. ಇಂದು ಲೋಕಪ್ರಸಿದ್ಧವಾದ ಪುಲುತನ್ 'ಸಿಸಿಗ್'. ಈ ಪದವು ಮೊದಲು ಕಾಣುವುದು ದಿಯೇಗೋ ಬೆರ್ಗಾನ್ಯೋ ಎಂಬ ಪಾದ್ರಿಯು 1732ರಲ್ಲಿ ಪ್ರಕಟಿಸಿದ ಪಂಪಾಂಗ ಭಾಷೆಯ ಕೋಶದಲ್ಲಿ. ಅಲ್ಲಿ ಅದಕ್ಕೆ ಮಾಂಸದ ಸಂಬಂಧವೇ ಇಲ್ಲ. ಎಳೆಯ ಪರಂಗಿ ಅಥವಾ ಸೀಬೆಕಾಯಿಯನ್ನು ಉಪ್ಪು, ಮೆಣಸು, ಬೆಳ್ಳುಳ್ಳಿ, ಸಿರ್ಕಾಗಳೊಡನೆ ತಿನ್ನುವ ಕೋಸಂಬರಿಯಂಥ ಪದಾರ್ಥವೇ ಸಿಸಿಗ್. ಬಸುರಿಯರ ಬಯಕೆಗೂ ವಾಕರಿಕೆಗೂ ಇಂಥ ಹುಳಿಯು ಹಿತವೆಂದು ಆ ಸೀಮೆಯವರ ನಂಬಿಕೆ. ಪಂಪಾಂಗ ಪ್ರಾಂತದ ಆಂಜೆಲೆಸ್ ನಗರದ ಪಕ್ಕದಲ್ಲಿಯೇ ಅಮೆರಿಕದವರ ಕ್ಲಾರ್ಕ್ ವಿಮಾನನೆಲೆಯಿತ್ತು. ದೇಶವು 1946ರಲ್ಲಿ ಸ್ವತಂತ್ರವಾದರೂ 1947ರ ಒಡಂಬಡಿಕೆಯ ಮೇರೆಗೆ ಆ ನೆಲೆಯು ಅವರ ಕೈಯಲ್ಲಿಯೇ ಉಳಿಯಿತು. ಅಲ್ಲಿಯ ಸೈನಿಕರ ಅಡಿಗೆಗೆ ಹಂದಿಯ ತಲೆಯು ಬೇಡವಾಗಿತ್ತು. ಬೇಡವಾದ ಆ ತಲೆಗಳು ಊರಿನವರಿಗೆ ಅತ್ಯಲ್ಪ ಬೆಲೆಗೆ ದೊರೆಯುತ್ತಿದ್ದುವು.

ಆ ಊರಿನ ರೈಲುದಾರಿಯ ಬಳಿ ಸುಟ್ಟ ಮಾಂಸದ ಅಂಗಡಿಯನ್ನಿಟ್ಟುಕೊಂಡಿದ್ದ ಲೂಸಿಯಾ ಕುನಾನನ್ ಎಂಬಾಕೆಯು 1974ರ ಸುಮಾರಿನಲ್ಲಿ ಈ ಕಿವಿ ಕೆನ್ನೆಗಳನ್ನು ಬೇಯಿಸಿ, ಕೆಂಡದ ಮೇಲೆ ಸುಟ್ಟು, ಸಣ್ಣಗೆ ಕೊಚ್ಚಿ, ಈರುಳ್ಳಿ, ಮೆಣಸಿನಕಾಯಿ, ಕೋಳಿಯ ಯಕೃತ್ತು, 'ಕಲಮಾನ್ಸಿ' ಎಂಬ ಪುಟ್ಟ ನಿಂಬೆಯ ರಸ ಇವುಗಳೊಡನೆ ಬಡಿಸಿದರು. ಜನರು ಆಕೆಯನ್ನು ಆದರದಿಂದ 'ಆಲಿಂಗ್ ಲೂಸಿಂಗ್' ಎಂದರು, ನಮ್ಮಲ್ಲಿ ಲೂಸಮ್ಮನವರೆಂದಂತೆ. ಕಾದ ಕಬ್ಬಿಣದ ತಟ್ಟೆಯಲ್ಲಿ ಚುರುಗುಟ್ಟುವಂತೆ ಬಡಿಸುವ ರೂಢಿಯು ಅನಂತರ ಸೇರಿತು. 1991ರ ಜೂನಿನಲ್ಲಿ ಪಿನಾತುಬೋ ಜ್ವಾಲಾಮುಖಿಯು ಸಿಡಿದು ಆ ಸೀಮೆಯನ್ನು ಬೂದಿಯಲ್ಲಿ ಮುಚ್ಚಿತು. ಅದೇ ವರ್ಷದ ನವೆಂಬರಿನಲ್ಲಿ ಅಮೆರಿಕದವರು ಕ್ಲಾರ್ಕ್ ನೆಲೆಯನ್ನು ಬಿಟ್ಟುಕೊಟ್ಟರು. ನೆಲೆ ಹೋಯಿತು, ಸಿಸಿಗ್ ಉಳಿಯಿತು. ಆಕೆಯು 2008ರಲ್ಲಿ ತೀರಿಕೊಂಡರು. 2017ರಲ್ಲಿ ಆಂಜೆಲೆಸ್ ನಗರಸಭೆಯು ಈ ಪದಾರ್ಥವನ್ನು ತನ್ನ ಪರಂಪರೆಯ ಸಂಪತ್ತೆಂದು ನಿಬಂಧನೆಯ ಮೂಲಕ ಘೋಷಿಸಿತು. ಮೊಟ್ಟೆಯನ್ನೂ ಮೇಯನೀಸನ್ನೂ ಬೆರಸುವ ಇತರ ನಗರಗಳ ಪದ್ಧತಿಯನ್ನು ಅಲ್ಲಿಯ ಹಿರಿಯರು ಒಪ್ಪುವುದಿಲ್ಲ. ಪ್ರಭುಗಳ ಅಡಿಗೆಮನೆಯು ಬೇಡವೆಂದುದನ್ನು ಒಬ್ಬ ಹೆಂಗಸು ತನ್ನ ಊರಿನ ಹಳೆಯ ಹುಳಿಯಿಂದ ಸಂಸ್ಕರಿಸಿ ಊರಿಗೆ ಹೆಮ್ಮೆಯ ವಸ್ತುವನ್ನಾಗಿ ಮಾಡಿದರು. ಕೆಟ್ಟ ಹೆಂಡವನ್ನು ಸಿರ್ಕಾ ಮಾಡಿಕೊಂಡವರ ಬುದ್ಧಿಯೇ ಇಲ್ಲಿಯೂ ಕೆಲಸಮಾಡಿದೆ.

ಇದೇ ಬುದ್ಧಿಯು ಬೀದಿಯ ಬದಿಯ ಕೆಂಡದೊಲೆಗಳಲ್ಲಿಯೂ ಕಾಣುತ್ತದೆ. ಕೋಳಿಯ ಕಾಲು, ತಲೆ, ಕರುಳು, ಹೆಪ್ಪುಗಟ್ಟಿಸಿದ ರಕ್ತ ಇವುಗಳನ್ನು ಕಡ್ಡಿಗೆ ಚುಚ್ಚಿ ಸುಟ್ಟು ಸಿರ್ಕಾದಲ್ಲಿ ಅದ್ದಿ ಕೊಡುವರು. ಬಡವರು ಇವುಗಳಿಗೆ ಇಟ್ಟ ಹೆಸರುಗಳು ವಿನೋದವಾಗಿವೆ. ಮೂರು ಬೆರಳಿನ ಕೋಳಿಕಾಲಿಗೆ ಪಾದರಕ್ಷೆಯ ಸಂಸ್ಥೆಯ ಹೆಸರಿನಿಂದ 'ಅಡಿಡಾಸ್'. ಕೋಳಿಯ ತಲೆಗೆ 'ಹೆಲ್ಮೆಟ್'. ಹಂದಿಯ ಕಿವಿಗೆ, ಕಿವಿಗೆ ಸಿಕ್ಕಿಸಿಕೊಂಡು ಹಾಡು ಕೇಳುವ ಯಂತ್ರದ ಹೆಸರಾದ 'ವಾಕ್‌ಮನ್'. ಕಪ್ಪಗೆ ಚೌಕವಾದ ರಕ್ತದ ತುಂಡಿಗೆ, ಜಪಾನಿನ ವೀಡಿಯೋ ಪೆಟ್ಟಿಗೆಯ ಹೆಸರಾದ 'ಬೀಟಾಮ್ಯಾಕ್ಸ್'. ಆ ವೀಡಿಯೋ ಪೆಟ್ಟಿಗೆಗಳನ್ನು ಮಾಡಿದ ಸಂಸ್ಥೆಯು 2016ರಲ್ಲಿ ಅವುಗಳ ಮಾರಾಟವನ್ನೇ ನಿಲ್ಲಿಸಿತು. ಹೆಸರು ಮಾತ್ರ ಮನಿಲಾದ ಬೀದಿಯಲ್ಲಿ ಕಡ್ಡಿಯ ತುದಿಯಲ್ಲಿ ಉಳಿದಿದೆ. ಕೊಳ್ಳಲಾಗದ ವಸ್ತುಗಳ ಹೆಸರನ್ನು ಕೊಳ್ಳಬಲ್ಲ ತಿನಿಸಿಗೆ ಇಟ್ಟು ನಗುವ ಜನರು ಬಡವರಾದರೂ ದೀನರಲ್ಲ.

ಆದರೆ ಸತ್ಯದ ಇನ್ನೊಂದು ಮುಖವನ್ನು ಮರೆಸಬಾರದು. ಬಟ್ಟಲು ಮನೆಗಳನ್ನು ಕೆಡಿಸುವುದು ಅಲ್ಲಿಯೂ ಉಂಟು. 2019ರ ಡಿಸೆಂಬರಿನಲ್ಲಿ ಲಗೂನಾ ಮೊದಲಾದ ಪ್ರಾಂತಗಳಲ್ಲಿ ಮೆಥನಾಲ್ ಎಂಬ ವಿಷವು ಬೆರೆತ ಲಂಬನೋಗನ್ನು ಕುಡಿದು ಹತ್ತಕ್ಕೂ ಹೆಚ್ಚು ಜನರು ಸತ್ತರು. ನೂರಾರು ಜನರು ಆಸ್ಪತ್ರೆಗೆ ಸೇರಿದರು. ಕೊಬ್ಬೂ ಉಪ್ಪೂ ಹೆಚ್ಚಾದ ತಿನಿಸುಗಳು ಹೃದಯಕ್ಕೆ ಹಿತವಲ್ಲವೆಂದು ಅಲ್ಲಿಯ ವೈದ್ಯರೂ ಎಚ್ಚರಿಸುತ್ತಿರುವರು. ಚರಿತ್ರಕಾರನು ಇದನ್ನು ಬರೆಯದಿದ್ದರೆ ಅರ್ಧವನ್ನು ಮಾತ್ರ ಬರೆದಂತೆ.

ಇಷ್ಟೆಲ್ಲವನ್ನೂ ನೋಡಿದ ಮೇಲೆ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಬಂದವರೆಲ್ಲರೂ ಆ ತಟ್ಟೆಯಲ್ಲಿ ಒಂದೊಂದನ್ನು ಬಿಟ್ಟುಹೋದರು. ಚೀನಾದವರು ತೋಕ್ವಾವನ್ನು, ಮೆಕ್ಸಿಕೋದ ಹಡಗು ಕಡಲೆಕಾಯಿ ಮೆಣಸಿನಕಾಯಿಗಳನ್ನು, ಸ್ಪೇನಿನವರು ಚಿಚರೋನನ್ನು, ಅಮೆರಿಕದವರು ತಮಗೆ ಬೇಡವಾದ ತಲೆಗಳನ್ನು ಬಿಟ್ಟರು. ಆದರೆ ಎಲ್ಲಕ್ಕೂ ಮೇಲೆ ಸುರಿದ ಹುಳಿಯು ದ್ವೀಪದ್ದೇ ಆಗಿ ಉಳಿಯಿತು. ಒಂದೇ ತಟ್ಟೆಯಿಂದ ಎಲ್ಲರೂ ಹೆಕ್ಕುವ ಪದ್ಧತಿಯೂ ಉಳಿಯಿತು. ರಾಜ್ಯವನ್ನು ಕಳೆದುಕೊಂಡ ಜನರು ರುಚಿಯ ಮೇಲಿನ ಅಧಿಕಾರವನ್ನು ಕಳೆದುಕೊಳ್ಳಲಿಲ್ಲ. ಆ ತಟ್ಟೆಯಲ್ಲಿರುವುದನ್ನು ನಾವು ಮುಟ್ಟಬೇಕಾದುದಿಲ್ಲ. ಆದರೆ ಮೋರ್ಗಾನಂತೆ ತಿಳಿಯದೆ ಹೇಸುವುದಕ್ಕಿಂತ ರಿಸಾಲನಂತೆ ತಿಳಿದು ಮಾತನಾಡುವುದು ವಿದ್ಯಾವಂತರಿಗೆ ಲಕ್ಷಣವಾದುದು. ಬೇರೊಂದು ಜನಾಂಗದ ಊಟವನ್ನು ಕುರಿತು ಮಾತನಾಡುವ ಮುನ್ನ, ಅದರ ಹೆಸರೇನು, ಅದು ಎಲ್ಲಿಂದ ಬಂದಿತು, ಯಾವ ಕಷ್ಟದಲ್ಲಿ ಹುಟ್ಟಿತು ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ಆಮೇಲೆ ಆಡುವ ಮಾತು ತಾನಾಗಿಯೇ ವಿನಯದಿಂದ ಕೂಡಿರುವುದು.